ಹಿಂದಿನ ಗೋಡೆಯ ಪೆಟ್ಟಿಗೆಗಳು

ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಹೇಳದಿದ್ದರೂ ಊರಿಗೆಲ್ಲ ಗೊತ್ತಿರುವ ಸಂಗತಿಯೇ. ಬಾಯಿಂದ ಬಾಯಿಗೆ ಹೋಗಿ ಈಗ ಅದಕ್ಕೆ ರೆಕ್ಕೆಪುಕ್ಕ ಹುಟ್ಟಿವೆ. ನಾನು ಮಾಡಿದ್ದಕ್ಕಿಂತ ಹೆಚ್ಚೇ ಮಾಡಿದೆ ಅನ್ನುವವರೂ ಇದ್ದಾರೆ. ಅದಕ್ಕೇ ಎಷ್ಟು ಮಾಡಿದೆನೋ ಅಷ್ಟನ್ನು ನಾನೇ ಹೇಳಿಬಿಡುತ್ತೇನೆ. ನನ್ನ ಹೆಸರು ಉಮಾಪತಿ. ಸಂತೆಬೀದಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕ, ಟೀವಿ ಮತ್ತು ಹೋಮ್ ಥಿಯೇಟರ್ ಮಾರುವ ಅಂಗಡಿ ನನ್ನದು.

ನಮ್ಮೂರಿನಲ್ಲಿ ಹುಟ್ಟಿದವರಿಗೆ ಎಲ್ಲ ಸದ್ದೂ ಎದುರಿನಿಂದಲೇ ಕೇಳಿಸುತ್ತದೆ. ಬೆನ್ನ ಹಿಂದೆ ನಿಂತು ಕೂಗಿದರೂ ಎದುರಿಗೆ ನಿಂತು ಕೂಗಿದ ಹಾಗೆ. ಅಟ್ಟದ ಮೇಲಿನ ಕೊಡ ಉರುಳಿದರೂ ಮೂಗಿನ ಮುಂದೆಯೇ ಉರುಳಿದ ಹಾಗೆ. ನಮಗೆ ಅದೇ ರೂಢಿ. ಬೀದಿಯಲ್ಲಿ ಎಲ್ಲರೂ ಬರುವ ವಾಹನಕ್ಕೆ ಮುಖ ಕೊಟ್ಟೇ ನಡೆಯುತ್ತಾರೆ. ಮೊಬೈಲಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ; ಎಲ್ಲೋ ಇಟ್ಟು ಮರೆತರೆ ಅದರ ಪಾಡಿಗೆ ಅದು ಹೊಡೆದುಕೊಳ್ಳುತ್ತಿರುತ್ತದೆ, ಮನೆಮಂದಿಯೆಲ್ಲ ಎದುರಿನ ಗೋಡೆಯನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ಶಾಲೆಯಲ್ಲಿ ಮೇಷ್ಟ್ರು ಬೆನ್ನು ತಿರುಗಿಸಿ ಬರೆಯುವಾಗ ಯಾರಾದರೂ ಪಿಸುಗುಟ್ಟಿದರೆ ಅವರಿಗೆ ಕಪ್ಪು ಹಲಗೆಯೇ ಪಿಸುಗುಟ್ಟಿದಂತಾಗುತ್ತದೆ. ಆಮೇಲೆ ಏಟು ಯಾರಿಗೆ ಬೀಳುತ್ತದೆ ಎಂಬುದು ಅವರವರ ಹಣೆಬರಹ.

ಹೊರಗಿನಿಂದ ಮದುವೆಯಾಗಿಯೋ ವರ್ಗವಾಗಿಯೋ ಬಂದವರಿಗೆ ಹಾಗಲ್ಲ. ಅವರಿಗೆ ಹಿಂದಿನದು ಹಿಂದೆ, ಪಕ್ಕದ್ದು ಪಕ್ಕದಲ್ಲಿ ಕೇಳಿಸುತ್ತದೆ. ಆದರೆ ಇಲ್ಲೇ ಬೇರುಬಿಟ್ಟರೆ ಏಳೆಂಟು ವರ್ಷಕ್ಕೆ, ಗಟ್ಟಿ ಕಿವಿಯವರಾದರೆ ಹತ್ತು ವರ್ಷಕ್ಕೆ, ಅವರ ಕಿವಿಯೂ ನಮ್ಮ ಕಿವಿಯಾಗಿಬಿಡುತ್ತದೆ. ಅಲ್ಲಿಯವರೆಗೆ ಊರಿಗೆ ಅವರಿಂದ ಬಹಳ ಉಪಕಾರ. ಅಂಥವರಲ್ಲಿ ಒಬ್ಬರನ್ನು ಪುರಸಭೆಯವರು ದಿಕ್ಕು ಹೇಳುವ ಕೆಲಸಕ್ಕೆ ನೇಮಿಸುತ್ತಾರೆ. ಪೊದೆಯೊಳಗೆ ಆಡು ಸಿಕ್ಕಿಕೊಂಡು ಅರಚಿದರೆ, ನೆಲದಡಿ ಪೈಪು ಒಡೆದು ನೀರು ಬುಸುಗುಟ್ಟಿದರೆ, ಜಂಗುಳಿಯಲ್ಲಿ ಕೂಸು ಅತ್ತರೆ, ಅವರನ್ನು ಕರೆಯುತ್ತಾರೆ. ನಾನು ಹೇಳುವ ಕಾಲಕ್ಕೆ ನಮ್ಮೂರ ದಿಕ್ಕುಗಾರ್ತಿ ಚಂಪಕ್ಕ. ಡ್ರಾಯಿಂಗ್ ಮೇಷ್ಟ್ರು ನೀಲಕಂಠಪ್ಪನವರ ಹೆಂಡತಿ. ಮದುವೆಯಾಗಿ ಬಂದು ಹನ್ನೆರಡು ವರ್ಷವಾಗಿದ್ದರೂ ಅವರ ಕಿವಿ ಮಾಸಿರಲಿಲ್ಲ. ಅವರು ಬೀದಿಯಲ್ಲಿ ಒಂದು ಕಡೆ ತಟ್ಟನೆ ನಿಂತು, ತಲೆ ಸ್ವಲ್ಪ ವಾಲಿಸಿ, ಕೈ ಚಾಚಿದರೆ ಸಾಕು, ಅಲ್ಲಿ ಅಗೆದರೆ ನೀರು ಸಿಗುತ್ತಿತ್ತು.

ಇಂಥ ಊರಿನಲ್ಲಿ ಹೋಮ್ ಥಿಯೇಟರ್ ಯಾರು ಕೊಳ್ಳುತ್ತಾರೆ ಎಂದು ನೀವು ಕೇಳಬಹುದು. ಎಲ್ಲರೂ ಕೊಳ್ಳುತ್ತಾರೆ. ಗೋಡೆಯ ಮೇಲೆ ಎಷ್ಟು ಪೆಟ್ಟಿಗೆ ಇವೆಯೋ ಅಷ್ಟು ದೊಡ್ಡಸ್ತಿಕೆ. ನಾನು ಅಂಗಡಿ ಇಡುವ ಮುಂಚೆ ದೂರದ ನಗರದಲ್ಲಿ ಮೂರು ದಿನ ತರಬೇತಿಗೆ ಹೋಗಿದ್ದೆ. ಡಿಸ್ಕಿನ ಮೇಲೆ 5.1 ಎಂದಿದ್ದರೆ ಏನರ್ಥ ಎಂದು ಅಲ್ಲಿ ಕಲಿಸಿದರು. ಚುಕ್ಕೆಯ ಮುಂಚಿನ ಐದು ಅಂದರೆ ಐದು ಸ್ಪೀಕರು: ಎದುರಿಗೆ ಎಡ, ನಡು, ಬಲ, ಬೆನ್ನ ಹಿಂದೆ ಎಡ, ಬಲ. ಮಾತೆಲ್ಲ ನಡುವಿನದರಿಂದ, ಹಾಡು ಎಡಬಲಗಳಿಂದ, ಮಳೆ, ಗಾಳಿ, ಕಳ್ಳನ ಹೆಜ್ಜೆಗಳೆಲ್ಲ ಹಿಂದಿನವುಗಳಿಂದ. ಚುಕ್ಕೆಯ ನಂತರದ ಒಂದು ಅಂದರೆ ನೆಲಕ್ಕೆ ಇಡುವ ದಪ್ಪ ಡಬ್ಬ, ಗುಡುಗು ಮತ್ತು ಮದ್ದು ಸಿಡಿಯುವುದು ಅದರ ಪಾಲು. 7.1 ಅಂದರೆ ಹಿಂದೆ ಇನ್ನೆರಡು. ಮೂರನೆಯ ಅಂಕಿಯೂ ಇದ್ದರೆ ಅದು ಚಾವಣಿಗೆ ಹಾಕುವ ಸ್ಪೀಕರುಗಳ ಲೆಕ್ಕ. ಇನ್ನೂ ಹೊಸ ಬಗೆಯದರಲ್ಲಿ ಯಾವ ಸದ್ದು ಯಾವ ಸ್ಪೀಕರಿಗೆ ಎಂದು ಮೊದಲೇ ಗೊತ್ತುಮಾಡಿರುವುದಿಲ್ಲ. ಹಕ್ಕಿ ಕೋಣೆಯ ಯಾವ ಮೂಲೆಯಲ್ಲಿ ಹಾರಬೇಕೆಂದಷ್ಟೇ ಬರೆದಿರುತ್ತದೆ, ಇರುವ ಸ್ಪೀಕರುಗಳಲ್ಲೇ ಹೊಂದಿಸಿಕೊಂಡು ಅದನ್ನು ಹಾರಿಸುವುದು ರಿಸೀವರಿನ, ಅಂದರೆ ಸ್ಪೀಕರುಗಳಿಗೆ ಸದ್ದು ಹಂಚುವ ಯಂತ್ರದ, ಜವಾಬ್ದಾರಿ. ಹಳೆಯ ಹಾಡಿನ ಡಿಸ್ಕುಗಳಲ್ಲಿ ಇರುವುದೇ ಎಡ, ಬಲ ಎಂಬ ಎರಡು ದಾರಿಯ ಸದ್ದು, ಅದನ್ನು ಹತ್ತು ಪೆಟ್ಟಿಗೆಗೆ ಹಂಚಿದರೂ ಅದು ಎರಡು ದಾರಿಯದೇ.

ಇಷ್ಟನ್ನೂ ಗಿಣಿಪಾಠದಂತೆ ಒಪ್ಪಿಸಬಲ್ಲೆ. ಆದರೆ ತರಬೇತಿಯ ಕೊನೆಯ ದಿನ ಎಲ್ಲರಿಗೂ ಕಣ್ಣು ಮುಚ್ಚಿಸಿ, ಸದ್ದು ಬಂದ ಕಡೆ ಕೈ ತೋರಿಸಿ ಎಂದರು. ನಾನು ಐದು ಸಲವೂ ಎದುರಿಗೇ ತೋರಿಸಿದೆ. ಕಣ್ಣು ಬಿಟ್ಟಾಗ ಕೋಣೆಯೆಲ್ಲ ನಗುತ್ತಿತ್ತು. ಆ ನಗು ನನ್ನೊಳಗೆ ಉಳಿದುಹೋಯಿತು. ಈ ವಿದ್ಯೆಯೇ ಒಂದು ಬೂಟಾಟಿಕೆ, ಇದನ್ನು ನಂಬುವವರು ದಡ್ಡರು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡರೆ ಹಿತವಾಗಿರುತ್ತಿತ್ತು.

ಮೊದಲನೆಯ ಸಲ ಮೋಸ ಮಾಡಬೇಕೆಂದು ಮಾಡಲಿಲ್ಲ. ಅಕ್ಕಿ ಮಂಡಿಯವರ ಮನೆಗೆ ಹಾಕಿದ ಸೆಟ್ಟಿನಲ್ಲಿ ಹಿಂದಿನ ಸ್ಪೀಕರೊಂದು ಬರುವಾಗಲೇ ಸತ್ತಿತ್ತು. ಬೇರೆ ತರಿಸುವವರೆಗೆ ಇರಲಿ ಎಂದು ಅದನ್ನೇ ಗೋಡೆಗೆ ಹೊಡೆದೆ. ತಿಂಗಳಾಯಿತು, ವರ್ಷವಾಯಿತು, ಯಾರೂ ಏನೂ ಅನ್ನಲಿಲ್ಲ. ನನಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಆಮೇಲೆ ಹಿಂದಿನ ಗೋಡೆಗೆ ಖಾಲಿ ಪೆಟ್ಟಿಗೆಗಳನ್ನೇ ಬಡಿಯತೊಡಗಿದೆ. ಬಡಗಿಯ ಹತ್ತಿರ ಮಾಡಿಸಿ, ಮುಂದೆ ಕಪ್ಪು ಬಟ್ಟೆ ಕಟ್ಟಿಸಿ, ಒಂದೊಂದು ವೈರನ್ನೂ ಇಳಿಬಿಡುತ್ತಿದ್ದೆ. ರಿಸೀವರಿನಲ್ಲಿ ‘ಹಿಂದಿನ ಸ್ಪೀಕರ್ ಇಲ್ಲ’ ಎಂದು ಒತ್ತಿದರೆ ಆಯಿತು, ಹಿಂದೆ ಬರಬೇಕಾದ ಸದ್ದನ್ನೆಲ್ಲ ಅದು ಮುಂದಿನವುಗಳಲ್ಲೇ ಬೆರೆಸಿಬಿಡುತ್ತದೆ. ಒಂದು ಮಾತೂ ಒಂದು ಹೆಜ್ಜೆಯೂ ಕಳೆದುಹೋಗುವುದಿಲ್ಲ. ಯಾರಿಗೂ ನಷ್ಟವಿಲ್ಲವಲ್ಲ ಎಂದುಕೊಂಡು ಹಾಯಾಗಿದ್ದೆ.

ಹೀಗಿರುವಾಗ ನೀಲಕಂಠ ಮೇಷ್ಟ್ರು ಅಂಗಡಿಗೆ ಬಂದರು. ಕುಳಿತು, ಬೆವರು ಒರೆಸಿಕೊಂಡು, “ಉಮಾಪತಿ, ಮನೆಗೊಂದು 5.1 ಬೇಕಲ್ಲಪ್ಪ. ಯುಗಾದಿ ಒಳಗೆ ಹಾಕ್ಕೊಡ್ಬೇಕು” ಎಂದರು.

“ಸಿನಿಮಾ ನೋಡೋಕಾ ಮೇಷ್ಟ್ರೆ?”

“ನಂಗಲ್ಲ. ನಮ್ಮನೇವ್ಳಿಗೆ. ಹನ್ನೆರಡು ವರ್ಷ ಆಯ್ತು ನೋಡು, ಅವ್ಳಿಗೆ ಒಳಗೊಳಗೇ ದಿಗಿಲು. ಕಿವಿ ಇದ್ಯೋ ಹೋಯ್ತೋ, ಯಾವತ್ತಾದ್ರೂ ಒಂದಿನ ಜನರ ಮುಂದೆ ತಪ್ಪು ಕೈ ತೋರಿಸ್ಬಿಡ್ತೀನೋ ಅಂತ. ಮನೇಲೇ ಕೂತು ಪರೀಕ್ಷೆ ಮಾಡ್ಕೊಳ್ಳೋ ಹಾಗಿದ್ರೆ ನೆಮ್ಮದಿಯಾಗಿರ್ತಾಳೆ ಅಂತ.”

ಆಗ ನನ್ನ ಹತ್ತಿರ ಇದ್ದದ್ದು ಎದುರಿಗೆ ಇಡುವ ಮೂರು ಸ್ಪೀಕರು, ದಪ್ಪ ಡಬ್ಬ, ಮತ್ತು ಬಡಗಿಯ ಎರಡು ಪೆಟ್ಟಿಗೆ. ನಿಜವಾದವನ್ನು ತರಿಸಲು ಮೂರು ವಾರ ಬೇಕಿತ್ತು, ಯುಗಾದಿಗೆ ಎಂಟೇ ದಿನ. ಮೂರು ವಾರ ತಡೆಯಿರಿ ಮೇಷ್ಟ್ರೆ ಎಂದಿದ್ದರೆ ಅವರು ತಡೆಯುತ್ತಿದ್ದರು. ನಾನು ಹಾಗೆ ಅನ್ನಲಿಲ್ಲ. ಹನ್ನೆರಡು ವರ್ಷ ಯಾರ ಕಿವಿಯೂ ಉಳಿದದ್ದಿಲ್ಲ, ಈ ಹೆಂಗಸಿನದು ಎಂದೋ ಹೋಗಿದೆ, ಹೆಸರಿಗೋಸ್ಕರ ಕೈ ಚಾಚಿ ನಾಟಕ ಮಾಡುತ್ತಿದ್ದಾಳೆ, ಅಗೆಯುವವರು ಅಗೆದು ನೀರು ಹುಡುಕಿಕೊಳ್ಳುತ್ತಾರೆ ಎಂದುಕೊಂಡೆ. ನಾನು ಮೋಸಗಾರ, ಆದ್ದರಿಂದ ಅವರೂ ಮೋಸಗಾರ್ತಿಯೇ ಇರಬೇಕು. ಎಷ್ಟು ನೀಚ ಬುದ್ಧಿ ನೋಡಿ.

ಹಬ್ಬದ ಹಿಂದಿನ ದಿನ ಅವರ ಪಡಸಾಲೆಯಲ್ಲಿ ಎಲ್ಲ ಜೋಡಿಸಿದೆ. ಚಂಪಕ್ಕ ನಡುವಿನ ಕುರ್ಚಿಯಲ್ಲಿ ಬಂದು ಕುಳಿತರು. ಕೈಯಲ್ಲಿ ಹೋಳಿಗೆಗೆ ರುಬ್ಬುತ್ತಿದ್ದ ಬೇಳೆಯ ಅಂಟು ಹಾಗೇ ಇತ್ತು. ಪರೀಕ್ಷೆಯ ಡಿಸ್ಕು ಹಾಕಿದೆ. ಅದರಲ್ಲಿ ಒಬ್ಬ ಹೆಂಗಸು ಒಂದೊಂದು ಸ್ಪೀಕರಿನಿಂದಲೂ ಅದರದರ ಹೆಸರು ಹೇಳುತ್ತಾಳೆ. ಎದುರು ಎಡ ಎಂದಳು, ಚಂಪಕ್ಕ ಕಣ್ಣು ಮುಚ್ಚಿ ಎಡಕ್ಕೆ ತೋರಿಸಿದರು. ನಡು, ಬಲ, ಎರಡೂ ಸರಿಯಾದವು. ಹಿಂದೆ ಬಲ ಎಂದಳು. ಚಂಪಕ್ಕನ ಕೈ ಎದ್ದು ಅರ್ಧಕ್ಕೆ ನಿಂತಿತು. ಹಿಂದೆ ಎಡ ಎಂದಳು. ಕೈ ಮಡಿಲಿಗೆ ಇಳಿಯಿತು.

“ಇನ್ನೊಂದ್ಸಲ ಹಾಕು” ಎಂದರು. ಹಾಕಿದೆ. ಮತ್ತೊಂದು ಸಲ ಹಾಕು ಎಂದರು. ಹಾಗೆ ಆರು ಸಲ ಹಾಕಿಸಿದರು. ಕೊನೆಗೆ ಕಣ್ಣು ಬಿಟ್ಟು, “ಹಿಂದೆಯಿಂದ ಅಂತಾಳೆ, ನಂಗೆ ಮುಂದೆಯಿಂದಲೇ ಕೇಳಿಸ್ತಿದೆ ಕಣ್ರೀ” ಎಂದು ಗಂಡನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. “ಯಂತ್ರ ಸರಿಯಾಗಿದ್ಯಾ ಉಮಾಪತಿ?”

“ಸರಿಯಾಗಿದೆ ಅಕ್ಕ” ಎಂದೆ.

ಹೇಳಲು ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ಅವರು ತಲೆಯಾಡಿಸಿ ಒಳಗೆ ಹೋದರು. ಬೇಳೆ ರುಬ್ಬುವ ಸದ್ದು ಮತ್ತೆ ಶುರುವಾಗುತ್ತದೆಂದು ಕಾದೆ, ಶುರುವಾಗಲಿಲ್ಲ. ಅವರ ಕಿವಿ ನೆಟ್ಟಗಿದೆ, ಮುಂದೆ ಬಂದದ್ದು ಮುಂದೆಯೇ ಕೇಳಿಸಿದೆ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಹೊಳೆಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡು, ಮೇಷ್ಟ್ರು ಕೊಟ್ಟ ಕಾಫಿ ಕುಡಿದು, ಮನೆಗೆ ಬಂದೆ.

ಹಬ್ಬ ಮುಗಿದ ಮೂರನೆಯ ದಿನ ಚಂಪಕ್ಕ ಪುರಸಭೆಗೆ ಹೋಗಿ ಕೆಲಸ ಬಿಟ್ಟರು. ಯಾರೂ ಬೇಸರಪಡಲಿಲ್ಲ, ಬದಲಿಗೆ ಸಂಭ್ರಮಪಟ್ಟರು. ನಮ್ಮ ಕಡೆ ಕಿವಿ ಮಾಸಿದ ಸೊಸೆಗೆ ಸೀರೆ ಉಡಿಸಿ, ಈಗ ನೀನು ಪೂರ್ತಿ ನಮ್ಮವಳಾದೆ ಎಂದು ಹೇಳುವ ಪದ್ಧತಿಯಿದೆ. ಚಂಪಕ್ಕನಿಗೆ ಪುರಸಭೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಸನ್ಮಾನ ಮಾಡಿದರು. ಮೈಕ್ ಸೆಟ್ ನನ್ನದೇ. ಶಾಲು ಹೊದ್ದು ನಿಂತ ಅವರು ಎರಡೇ ಮಾತಾಡಿದರು. “ತಪ್ಪು ದಿಕ್ಕು ತೋರಿಸಿ ಯಾರಿಗಾದ್ರೂ ಕೇಡಾಗೋಕೆ ಮುಂಚೆ ಗೊತ್ತಾಯ್ತಲ್ಲ, ಅದೇ ಪುಣ್ಯ. ಉಮಾಪತಿ ತಂದುಕೊಟ್ಟ ಯಂತ್ರ ನಿಜ ಹೇಳ್ತು, ಅವನಿಗೂ ಒಳ್ಳೇದಾಗ್ಲಿ.” ಜನ ತಿರುಗಿ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ನಾನು ತಲೆ ಎತ್ತದೆ ಆಂಪ್ಲಿಫೈಯರಿನ ಗುಂಡಿಗಳನ್ನು ಸುಮ್ಮನೆ ತಿರುವುತ್ತ ಕುಳಿತೆ. ಮೈಕು ಕುಯ್ಯೆಂದು ಕಿರುಚಿಕೊಂಡಿತು.

ಆಮೇಲೆ ದಿಕ್ಕು ಹೇಳಲು ಯಾರೂ ಸಿಗಲಿಲ್ಲ; ಇದ್ದ ಹೊರಗಿನವರ ಕಿವಿಯೆಲ್ಲ ಮಾಸಿತ್ತು, ಹೊಸಬರಾರೂ ಬಂದಿರಲಿಲ್ಲ. ಮಳೆಗಾಲ ಕಳೆದ ಮೇಲೆ ಮೂರನೆಯ ಬೀದಿಯ ನಲ್ಲಿಗಳಲ್ಲಿ ನೀರು ಸೊರಗಿತು. ಎಲ್ಲೋ ಪೈಪು ಒಡೆದಿದೆ ಎಂದು ಎಲ್ಲರಿಗೂ ಗೊತ್ತು, ಬುಸ್ ಎನ್ನುವುದು ಎಲ್ಲರಿಗೂ ಕೇಳಿಸುತ್ತದೆ, ಆದರೆ ಪ್ರತಿಯೊಬ್ಬರಿಗೂ ಅದು ತಮ್ಮೆದುರಿಗೇ ಇದೆ. ನೀರುಗಂಟಿ ಮಲ್ಲೇಶಿ ಹೇಳಿದವರು ಹೇಳಿದ ಕಡೆಯೆಲ್ಲ ಅಗೆಸಿದ. ಬೀದಿಗೆ ಬೀದಿಯೇ ಗುಂಡಿ ಬಿತ್ತು. ಹೆಂಗಸರು ಕೊಡ ಹಿಡಿದು ಆ ಗುಂಡಿಗಳನ್ನು ಸುತ್ತಿಕೊಂಡು ಎರಡು ಬೀದಿ ಆಚೆ ಹೋಗಿ ನೀರು ತರುತ್ತಿದ್ದರು. ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದರು. ಚಂಪಕ್ಕನೂ ಅವರಲ್ಲಿ ಒಬ್ಬರು. ಅವರು ಕಂಡರೆ ನಾನು ಗಲ್ಲಾಪೆಟ್ಟಿಗೆಯ ಕೆಳಗೆ ಏನೋ ಬಿದ್ದುಹೋದವನಂತೆ ಬಗ್ಗುತ್ತಿದ್ದೆ.

ಮಾಘ ಮಾಸದ ಒಂದು ಸಂತೆಯ ದಿನ ಇನ್ನು ಬಗ್ಗಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಬದನೆಕಾಯಿ ಸಾಲಿನಲ್ಲಿ ಒಂದು ಹೆಣ್ಣು ಕೂಸು ತಾಯಿಯ ಕೈ ಬಿಟ್ಟು ಎಲ್ಲೋ ಹೋಗಿ ಅಳತೊಡಗಿತು. ತಾಯಿ ಹುಚ್ಚಿಯಂತೆ ಎದುರಿಗೇ ಓಡಿದಳು. ಸಂತೆಯವರೆಲ್ಲ ತಮ್ಮ ತಮ್ಮ ಎದುರಿಗೆ ಹುಡುಕುತ್ತ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಚಂಪಕ್ಕ ಸೊಪ್ಪು ಆರಿಸುತ್ತಿದ್ದರು. ಕೂಸಿನ ಕೂಗು ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಕಟ್ಟು ಕೆಳಗಿಟ್ಟು, ಗಿರಕಿ ಹೊಡೆದು, ಹಿಂದಿನ ಬೆಲ್ಲದ ಗಾಡಿಗಳ ಕಡೆ ಎರಡು ಹೆಜ್ಜೆ ಹಾಕಿದರು. ಅಲ್ಲೇ ನಿಂತರು. ಕೈಯಿಂದ ಕಿವಿ ಮುಟ್ಟಿಕೊಂಡರು. ಅವರ ಮುಖದಲ್ಲಿ ನಾಚಿಕೆ ಬಂತು, ತಮ್ಮದಲ್ಲದ ಜಾಗದಲ್ಲಿ ಕುಳಿತವರನ್ನು ಯಾರೋ ಎಬ್ಬಿಸಿದಾಗ ಬರುತ್ತದಲ್ಲ ಅಂಥದು. ಹಿಂದಿರುಗಿ ಬಂದು ಸೊಪ್ಪಿನ ಮುಂದೆ ಕುಳಿತರು. ಅರ್ಧ ಗಂಟೆಯ ಮೇಲೆ ಕೂಸು ಸಿಕ್ಕಿತು. ಬೆಲ್ಲದ ಗಾಡಿಯ ಕೆಳಗೆ.

ನಾನು ಅಂಗಡಿಗೆ ಬಾಗಿಲು ಹಾಕಿದೆ. ನಿಜವಾದ ಸ್ಪೀಕರುಗಳು ಆ ಹೊತ್ತಿಗೆ ಅಂಗಡಿಗೆ ಬಂದು ಆರು ತಿಂಗಳಾಗಿತ್ತು. ಅವುಗಳ ಡಬ್ಬವನ್ನು ಬಿಚ್ಚುವ ಧೈರ್ಯವೂ ಇರಲಿಲ್ಲ, ಮಾರುವ ಧೈರ್ಯವೂ ಇರಲಿಲ್ಲ. ಅವೆರಡನ್ನೂ ಹೊತ್ತುಕೊಂಡು ಮೇಷ್ಟ್ರ ಮನೆಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಊಟ ಮುಗಿಸಿ ಪಡಸಾಲೆಯಲ್ಲಿದ್ದರು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಹೊಸ್ತಿಲಲ್ಲೇ ಮರೆತುಹೋಯಿತು. ಸ್ಟೂಲು ಹಾಕಿಕೊಂಡು ಹತ್ತಿ, ಹಿಂದಿನ ಗೋಡೆಯ ಪೆಟ್ಟಿಗೆಯನ್ನು ಕಿತ್ತು, ಕಪ್ಪು ಬಟ್ಟೆ ಹರಿದು, ಮೇಷ್ಟ್ರ ಕೈಗೆ ಕೊಟ್ಟೆ.

ಅವರು ಒಳಗೆ ಕೈ ಆಡಿಸಿದರು. “ಇದ್ರಲ್ಲಿ ಏನೂ ಇಲ್ವಲ್ಲೋ” ಎಂದರು.

“ಇಲ್ಲ ಮೇಷ್ಟ್ರೆ. ಮೊದಲಿಂದಲೂ ಇಲ್ಲ. ಅಕ್ಕನ ಕಿವಿ ಸರಿಯಾಗೇ ಇತ್ತು. ಹಿಂದಿನ ಸದ್ದನ್ನೂ ನಾನೇ ಮುಂದಿನಿಂದ ಬರೋ ಹಾಗೆ ಮಾಡಿದ್ದೆ. ಅವರಿಗೆ ಕೇಳಿಸಿದ್ದೇ ನಿಜ.”

ಮೇಷ್ಟ್ರು ಹೊಡೆಯುತ್ತಾರೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಹೆಂಡತಿಯ ಮುಖ ನೋಡಿದರು. ಚಂಪಕ್ಕ ನನ್ನ ಕಡೆ ತಿರುಗಿದರು.

“ನಾನು ಕೇಳಿದ್ನಲ್ಲೋ ನಿನ್ನ” ಎಂದರು. “ಯಂತ್ರ ಸರಿಯಾಗಿದ್ಯಾ ಅಂತ ಬಾಯಿ ಬಿಟ್ಟು ಕೇಳಿದ್ನಲ್ಲ.”

“ಹೌದಕ್ಕ.”

“ಹನ್ನೊಂದು ತಿಂಗಳು. ಹಿಂದೆ ಯಾರಾದ್ರೂ ಕರೆದ್ರೆ, ತಿರುಗೋಣ ಅನ್ಸಿದ್ರೂ, ಇಲ್ಲ ಕಣೇ ಇದು ನಿನ್ನ ಭ್ರಮೆ ಅಂತ ನನಗೆ ನಾನೇ ಹೇಳ್ಕೊಂಡು ಮುಂದೆ ನೋಡ್ಕೊಂಡು ಹೋಗ್ತಿದ್ದೆ. ಕಷ್ಟಪಟ್ಟು ಅಭ್ಯಾಸ ಮಾಡ್ದೆ. ಇವತ್ತು ಆ ಕೂಸು...” ಎಂದು ನಿಲ್ಲಿಸಿ, ಕಣ್ಣು ಒರೆಸಿಕೊಂಡರು. “ಹಾಕು ಅದನ್ನ. ನೋಡೋಣ ಏನು ಉಳಿದಿದೆ.”

ಹೊಸ ಸ್ಪೀಕರುಗಳನ್ನು ಗೋಡೆಗೆ ಹಾಕಿ, ವೈರು ಜೋಡಿಸಿ, ರಿಸೀವರಿನಲ್ಲಿ ‘ಇಲ್ಲ’ ಎಂದಿದ್ದನ್ನು ‘ಇದೆ’ ಎಂದು ಬದಲಾಯಿಸಿದೆ. ಎರಡು ಸಲ ತಪ್ಪು ಗುಂಡಿ ಒತ್ತಿದೆ. ಚಂಪಕ್ಕ ಅದೇ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರು. ಈ ಸಲ ಹೆಸರು ಹೇಳುವ ಆ ಡಿಸ್ಕು ಹಾಕಲಿಲ್ಲ. ರಿಸೀವರಿನಲ್ಲೇ ಒಂದು ಶ್ ಎಂಬ ಸದ್ದು ಇರುತ್ತದೆ, ಅದನ್ನು ಬೇಕಾದ ಸ್ಪೀಕರಿಗೆ ಕಳಿಸಬಹುದು. ಕ್ರಮ ತಪ್ಪಿಸಿ ಹತ್ತು ಸಲ ಕಳಿಸಿದೆ. ಎಲ್ಲಿ ಸದ್ದಾಗುತ್ತಿದೆಯೋ ನನಗೆ ತಿಳಿಯದು. ಪರದೆಯ ಮೇಲೆ ಬಂದ ಹೆಸರನ್ನೂ ಅವರ ಕೈಯನ್ನೂ ನೋಡುತ್ತಿದ್ದೆ. ಪರದೆ ಹಿಂದೆ ಬಲ ಎಂದಿತು, ಕೈ ಹಿಂದೆ ಬಲಕ್ಕೇ ಹೋಯಿತು. ನನ್ನ ಜೀವ ಹಿಗ್ಗಿತು. ಹಿಂದೆ ಎಡ ಎಂದಿತು, ಕೈ ನಡುವಿಗೆ ಹೋಯಿತು. ಮತ್ತೆ ಸರಿ, ಮತ್ತೆ ತಪ್ಪು. ಹತ್ತೂ ಮುಗಿದಾಗ ಅವರು ಕಣ್ಣು ಬಿಟ್ಟರು.

“ಎಷ್ಟು?”

ಎಂಟು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. “ಹತ್ತಕ್ಕೆ ಆರು” ಎಂದೆ.

“ಹೋದ ಯುಗಾದಿಗೆ ಎಷ್ಟಿತ್ತು?”

“ಗೊತ್ತಿಲ್ಲ ಅಕ್ಕ.”

“ನಂಗೂ ಗೊತ್ತಿಲ್ಲ. ಹತ್ತಕ್ಕೆ ಹತ್ತು ಇತ್ತೋ, ಆಗ್ಲೇ ಆರಾಗಿತ್ತೋ. ಇನ್ನು ಯಾರಿಗೂ ಗೊತ್ತಾಗಲ್ಲ” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಲೋಟ ಎಲ್ಲಿಟ್ಟೆನೋ ನೆನಪಿಲ್ಲ ಎನ್ನುವವರ ಹಾಗೆ ಹೇಳಿದರು. ಅದನ್ನು ಕೇಳಿಸಿಕೊಂಡು ಅಲ್ಲಿ ನಿಲ್ಲುವುದು ನನಗೆ ಬಹಳ ಕಷ್ಟವಾಯಿತು. ಮೇಷ್ಟ್ರು ಗೋಡೆಯ ಕಡೆ ತಿರುಗಿ ನಿಂತಿದ್ದರು.

ಚಂಪಕ್ಕ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಚಪ್ಪಲಿ ಮೆಟ್ಟಿಕೊಂಡು, “ನಡಿ” ಎಂದರು ನನಗೆ. “ಮೂರನೇ ಬೀದಿಗೆ. ಹಾರೆ ಗುದ್ದಲಿ ನೀನೇ ತಗೊ.”

“ನಾನಾ ಅಕ್ಕ?”

“ಮತ್ತ್ಯಾರು? ಹತ್ತಕ್ಕೆ ಆರು ನನ್ನ ಪಾಲಿಂದು. ತಪ್ಪೋ ನಾಲ್ಕು ಗುಂಡಿ ನಿಂದು.”

ಬೀದಿಯಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಚಂಪಕ್ಕ ಬಂದದ್ದನ್ನು ನೋಡಿ ಮಲ್ಲೇಶಿ ಗುದ್ದಲಿ ಬಿಟ್ಟು ಎದ್ದುನಿಂತ. ಜಗಲಿಗಳ ಮೇಲೆ ಜನ ಸೇರಿದರು. ಬಿಳಿ ಶರಟು ತೊಟ್ಟ ಟೀವಿ ಅಂಗಡಿಯವನು ಹಾರೆ ಹೊತ್ತು ಹಿಂದೆ ಬರುತ್ತಿರುವುದು ಅವರಿಗೆ ಅರ್ಥವಾಗಲಿಲ್ಲ. ಚಂಪಕ್ಕ ನಿಧಾನವಾಗಿ ನಡೆದು, ನಿಂತು, ತಲೆ ವಾಲಿಸಿ, ಹುಣಸೆಮರದ ಬುಡದ ಹತ್ತಿರ ಕೈ ತೋರಿಸಿದರು. ನಾನು ಅಗೆದೆ. ಅಭ್ಯಾಸವಿಲ್ಲದ ಕೈ, ಬೊಬ್ಬೆ ಎದ್ದು ಒಡೆಯಿತು. ಸೊಂಟದ ಆಳಕ್ಕೆ ಪೈಪು ಸಿಕ್ಕಿತು. ಅದು ಒಣಗಿತ್ತು, ಸುತ್ತಲಿನ ಮಣ್ಣೂ ಪುಡಿಪುಡಿಯಾಗಿತ್ತು.

“ಕಿವಿ ಹೋಯ್ತು ಅಂತ ಅವರೇ ಹೇಳಿದ್ರಲ್ಲ. ಸೀರೆ ಉಡಿಸಿ ಕಳಿಸಿದ ಮೇಲೂ ಯಾಕೆ ಬೇಕಿತ್ತು ಪಾಪ” ಎಂದು ಯಾರೋ ಅಂದರು. ಯಾರೋ ನಕ್ಕರು. ಎರಡೂ ನನಗೆ ಎದುರಿನಿಂದಲೇ ಕೇಳಿಸಿದವು, ಎದುರಿಗೆ ಇದ್ದದ್ದು ಗುಂಡಿಯ ಮಣ್ಣು. ತಲೆ ಎತ್ತಿ ನೋಡಿದೆ. ಚಂಪಕ್ಕನ ತುಟಿ ಬಿಗಿದಿತ್ತು, ಚಾಚಿದ್ದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದರು. ನಾನು ಹೊಕ್ಕಿದ್ದ ಗುಂಡಿಯೊಳಗೆ ಹಾಗೇ ಬಗ್ಗಿ ಉಳಿದಿದ್ದರೆ ಯಾರಿಗೂ ನನ್ನ ಮುಖ ಕಾಣುತ್ತಿರಲಿಲ್ಲ.

ಮೇಲೆ ಹತ್ತಿ ಬಂದೆ. ಜಗಲಿಗಳ ಕಡೆ ತಿರುಗಿ, ಈ ಗುಂಡಿ ಅಕ್ಕನದಲ್ಲ, ನನ್ನದು ಎಂದೆ. ಮೇಷ್ಟ್ರ ಮನೆಯ ಎರಡು ಪೆಟ್ಟಿಗೆಯ ವಿಷಯ ಹೇಳಿದೆ. ಯಂತ್ರ ಸರಿಯಾಗಿದೆ ಎಂದು ಸುಳ್ಳು ಹೇಳಿದ್ದನ್ನು ಹೇಳಿದೆ. ಅಕ್ಕಿ ಮಂಡಿಯವರ ಮನೆಯದು, ಪುರಸಭೆ ಅಧ್ಯಕ್ಷರ ಮನೆಯದು, ಅಲ್ಲಿ ಜಗಲಿಯ ಮೇಲೆ ನಿಂತಿದ್ದವರ ಮನೆಗಳದ್ದು, ಒಂದೊಂದೇ ಹೆಸರು ಹಿಡಿದು ಹೇಳತೊಡಗಿದೆ. ನಗು ನಿಂತಿತ್ತು. ಯಾರೋ ಥೂ ಎಂದರು. ಆದರೂ ನಿಲ್ಲಿಸಲಾಗಲಿಲ್ಲ. ಹೇಳುತ್ತ ಹೇಳುತ್ತ ಅಳುವುದಕ್ಕೂ ಶುರುಮಾಡಿದೆ.

ಚಂಪಕ್ಕ ಆಗಲೇ ಹತ್ತು ಮಾರು ಆಚೆ ಹೋಗಿ, ಚರಂಡಿಯ ಪಕ್ಕ ಕಣ್ಣು ಮುಚ್ಚಿ ನಿಂತಿದ್ದರು. ನನ್ನ ಕಡೆ ತಿರುಗದೆಯೇ ಕೈ ಎತ್ತಿದರು.

“ಸಾಕು, ಬಾಯಿ ಮುಚ್ಚೋ. ನೀರಿನ ಸದ್ದು ಕೇಳಿಸ್ಬೇಕು.”